ಬೀಗ ಹಾಕಿದ ಮನೆಗಳ ಕಲಂ

ಶಕ್ತಿನಗರ, ಮಂಗಳೂರು
3 ಜೂನ್ 2024

ಶ್ರೀ ಲತೇಶ್ ಅವರಿಗೆ,

ನನ್ನ ಅರ್ಜಿಗೆ ನಿಮ್ಮ ಯೋಜನಾ ಕಚೇರಿ ಕೊಟ್ಟ ಹಿಂಬರಹ ಶನಿವಾರ ತಲುಪಿತು. ಕೊನೆಯಲ್ಲಿ ಸಹಾಯಕ ನಿರ್ದೇಶಕರು ಎಂಬ ಮೊಹರು, ಅದರ ಮೇಲೊಂದು ಸಹಿ. ಆ ಸಹಿಯನ್ನು ನಾನು ಇಪ್ಪತ್ತೆಂಟು ವರ್ಷಗಳಿಂದ ನೋಡಿರಲಿಲ್ಲ. ಹಾಗಾಗಿ ಕಚೇರಿಗೆ ಬರೆಯುವ ಬದಲು ನಿಮಗೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನ್ನ ಅಣ್ಣ ಫಿಲಿಪ್‌ನನ್ನು ನೀವು ಬಲ್ಲಿರಿ. ಕಳೆದ ಅಕ್ಟೋಬರಿನಲ್ಲಿ ಅವನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಹೋದವು, ಬಾಯಿ ಹೋಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ಈಗ ಗಾಲಿಕುರ್ಚಿಯಲ್ಲಿ ಕೂತು ನನ್ನೊಬ್ಬಳಿಗೆ ಕಲಿಸುತ್ತಾನೆ. ಈ ಮನೆಯ ಮಲಗುವ ಕೋಣೆಗಳೂ ಬಚ್ಚಲೂ ಮಹಡಿಯ ಮೇಲಿವೆ. 2008ರಲ್ಲಿ ಕಟ್ಟಿಸುವಾಗ ನಾನು ಕುವೈತಿನಲ್ಲಿ ನರ್ಸ್. ಫ್ಯಾಕ್ಸಿನಲ್ಲಿ ಬಂದ ನಕ್ಷೆಯನ್ನು ನೋಡಿ ಒಪ್ಪಿದವಳಿಗೆ ಮುಪ್ಪು ನೆನಪಾಗಲಿಲ್ಲ. ಈಗ ಅವನ ಹಾಸಿಗೆ ಹಾಲ್‌ನಲ್ಲಿ. ಸ್ನಾನ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ಟಾರ್ಪಾಲು ಕಟ್ಟಿ. ನಾನೂ ನೆರೆಮನೆಯ ಬಾಗಿಯಕ್ಕನೂ ಸೇರಿ ಮಾಡಿಸುತ್ತೇವೆ. ಅರುವತ್ತೊಂದು ವರ್ಷದ ಗಂಡಸನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿರುವಾಗ ಅವನು ಮಾತಾಡುವುದಿಲ್ಲ. ದಿನದಲ್ಲಿ ಅದೊಂದೇ ಹೊತ್ತು ಅವನು ಮಾತಾಡದಿರುವುದು.

ಕೆಳಗೆ ಗೋಡೆಗೆ ತಾಗಿಸಿ ಒಂದು ಕೋಣೆ, ಒಂದು ಬಚ್ಚಲು ಕಟ್ಟಲು ಪರವಾನಗಿ ಕೇಳಿದ್ದೆ. ಕೊಡಲಾಗದು ಎಂದು ನಿಮ್ಮ ಹಿಂಬರಹ. ಹೊಸ ಕರಡು ನಕ್ಷೆಯಲ್ಲಿ ನಮ್ಮ ಓಣಿ ಪಾಲಿಕೆಯ ವಲಯ ಕಚೇರಿಗೆ ಮೀಸಲಂತೆ. ಈಗಿನ ಸ್ಥಿತಿ, 'ಬಳಕೆಯಲ್ಲಿಲ್ಲದ ಜಾಗ.' ಆ ಮಾತನ್ನು ಓದುವಾಗ ನನ್ನ ಕುಕ್ಕರ್ ಎರಡನೇ ಸಲ ಕೂಗಿತು.

ಆಕ್ಷೇಪಣೆಗೆ ಜುಲೈ 19ರವರೆಗೆ ಅವಕಾಶವಿದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಆಕ್ಷೇಪಿಸುವ ಮೊದಲು ಇದು ಹೇಗಾಯಿತು ಎಂದು ತಿಳಿಯಬೇಕು. ದಯವಿಟ್ಟು ಫೋನ್ ಮಾಡಬೇಡಿ. ಬರೆಯಿರಿ. ಬಾಯಿಮಾತನ್ನು ಹಿಂದೊಮ್ಮೆ ನಂಬಿದ್ದೇನೆ.

ಉರ್ಸುಲಾ ಲೋಬೊ

* * *

ಮಂಗಳೂರು
14 ಜೂನ್ 2024

ಉರ್ಸುಲಾ ಅವರಿಗೆ,

ಪತ್ರ ತಲುಪಿದೆ. ಉತ್ತರ ತಡವಾಯಿತು, ಕ್ಷಮೆಯಿರಲಿ. ಫಿಲಿಪ್ ಮಾಸ್ಟರರ ಸುದ್ದಿ ನನಗೆ ತಿಳಿದಿರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಗರಕ್ಕೆ ಮುಂದಿನ ಇಪ್ಪತ್ತು ವರ್ಷ ಬೇಕಾದ ಭೂಬಳಕೆಯನ್ನು ನಾವು ಬಣ್ಣಗಳಲ್ಲಿ ತೋರಿಸುತ್ತೇವೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು. ಅದಕ್ಕೂ ಮೊದಲು ಈಗ ಎಲ್ಲಿ ಏನಿದೆ ಎಂಬ ಸರ್ವೆ ನಡೆಯುತ್ತದೆ. ನಿಮ್ಮ ಭಾಗದ ಸರ್ವೆ 2019ರ ಫೆಬ್ರವರಿಯಲ್ಲಿ ನಡೆಯಿತು. ಅದರ ಪ್ರಕಾರ ನಿಮ್ಮ ಓಣಿಯ ಸುಮಾರು ಒಂದೂಮುಕ್ಕಾಲು ಎಕ್ರೆ ಬಳಕೆಯಲ್ಲಿಲ್ಲ. ನಗರದ ಪೂರ್ವಕ್ಕೆ ಒಂದೇ ಕಡೆ ಅಷ್ಟು ಜಾಗ ಬೇರೆಲ್ಲೂ ಸಿಗಲಿಲ್ಲ.

ಕಟ್ಟಡದ ಅಗತ್ಯದ ಬಗ್ಗೆ ಒಂದು ಮಾತು. ಪಡೀಲ್, ಶಕ್ತಿನಗರದ ಜನ ಒಂದು ಖಾತೆಗೆ, ಒಂದು ಜನನಪತ್ರಕ್ಕೆ ನಂತೂರು ಸರ್ಕಲ್ ದಾಟಿ ಎರಡು ಬಸ್ಸು ಹಿಡಿಯಬೇಕು. ನಂತೂರಿನ ಲಾರಿಗಳ ನಡುವೆ ಅರ್ಧ ದಿನ ಹೋಗುತ್ತದೆ. ಹೊಸ ಕಟ್ಟಡ ಯಾರದೋ ಹಟದಿಂದ ಬಂದದ್ದಲ್ಲ ಎಂದಷ್ಟೇ ಹೇಳಬೇಕಿತ್ತು.

ಆಕ್ಷೇಪಣೆಯ ನಮೂನೆ ಇದರೊಂದಿಗಿದೆ. ಎರಡು ಪ್ರತಿ ಮಾಡಿ, ಕೌಂಟರಿನಲ್ಲಿ ಆವಕ ಸಂಖ್ಯೆ ಬರೆಸಿಕೊಳ್ಳಿ. ಸರ್ವೆ ಹಾಳೆಗಳನ್ನು ನಾನೇ ತೆಗೆಸಿ ನೋಡುತ್ತೇನೆ.

ಲತೇಶ್ ಡಿ.

* * *

ಶಕ್ತಿನಗರ
23 ಜೂನ್ 2024

ಲತೇಶ್ ಅವರಿಗೆ,

ನಿಮ್ಮ ಪತ್ರವನ್ನು ಫಿಲಿಪ್‌ಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, "ಉತ್ತರ ಸರಿ ಉಂಟು, ಲೆಕ್ಕ ಎಲ್ಲಿ ಮಾಡಿದ್ದು ಅಂತ ತೋರಿಸ್ಲಿಲ್ಲ. ಹತ್ತಕ್ಕೆ ನಾಲ್ಕು" ಎಂದ.

ಕಟ್ಟಡ ಬೇಕು ಎಂಬುದನ್ನು ನನಗೆ ನೀವು ಹೇಳಬೇಕಾಗಿಲ್ಲ. ಬಾಗಿಯಕ್ಕ ದಿನಾ ಹೇಳುತ್ತಾರೆ. ಎಪ್ಪತ್ತನಾಲ್ಕು ವರ್ಷ, ಬೀಡಿ ಕಟ್ಟಿ ಬೆನ್ನು ಬಾಗಿದೆ. ನಾನು ಕುವೈತಿನಲ್ಲಿ, ಫಿಲಿಪ್ ಶಾಲೆಯ ಊರಿನ ಬಾಡಿಗೆ ಮನೆಯಲ್ಲಿ ಇದ್ದ ವರ್ಷಗಳಲ್ಲೆಲ್ಲ ಈ ಮನೆಯ ಬೀಗದ ಕೈ ಅವರ ಬಳಿ ಇತ್ತು. ತಿಂಗಳಿಗೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುತ್ತಿದ್ದರು. ಕಚೇರಿ ನಮ್ಮ ಓಣಿಗೇ ಬರುತ್ತದೆಂದು ಕೇಳಿದಾಗ ಅವರ ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿದರು.

"ಆಫೀಸು ಬರ್ಲಿ ಮಾರಾಯ್ತಿ, ನಿನ್ನ ಮನೆ ಮೇಲೆ ಎಂತಕ್ಕೆ ಬರುದು?"

"ನನ್ನ ಮನೆ ಇಲ್ಲವಂತೆ ಅಕ್ಕ. ಅವರ ನಕ್ಷೆಯಲ್ಲಿ."

"ಇಲ್ಲದ ಮನೆಯ ಕಸ ನಾನು ಹದಿಮೂರು ವರ್ಷ ಗುಡಿಸಿದ್ದಾ?"

ಈ ಓಣಿಯಲ್ಲಿ ಹನ್ನೊಂದು ಮನೆ. 2019ರಲ್ಲಿ ಒಂಬತ್ತಕ್ಕೆ ಬೀಗ. ದುಬೈ, ಮಸ್ಕತ್, ದೋಹಾ. ಈಗಲೂ ಆರಕ್ಕೆ ಬೀಗವಿದೆ. ಓಣಿಯ ಕೆಳತುದಿಯ ಮನೆಯ ಪಿಯುಸ್ ದುಬೈಯಿಂದ ಫೋನ್ ಮಾಡಿದ್ದ. ಅವನಿಗೆ ಖುಷಿ. "ಕೊಟ್ಟುಬಿಡು ಉರ್ಸಿ. ನನ್ನ ಮಕ್ಕಳು ಊರಿಗೆ ಬರ್ಲಿಕ್ಕಿಲ್ಲ. ಗವರ್ನಮೆಂಟೇ ತಗೊಳ್ತದೆ ಅಂದ್ರೆ ನಮ್ಮ ತಲೆಬಿಸಿ ಮುಗಿಯಿತು. ನೀನೊಬ್ಬಳು ಅಡ್ಡ ಕೂತ್ರೆ ಎಲ್ಲರದ್ದೂ ನಿಲ್ತದೆ." ಅವನು ಕೆಟ್ಟವನಲ್ಲ. ಫಿಲಿಪ್ ಬಿದ್ದ ದಿನ ಆಂಬುಲೆನ್ಸ್‌ಗೆ ದುಬೈಯಿಂದಲೇ ಹೇಳಿ ಕಳಿಸಿದವನು ಅವನೇ.

ಇನ್ನೊಂದು ವಿಷಯ. ಸರ್ವೆಗೆ ಬಂದವರನ್ನು ಬಾಗಿಯಕ್ಕ ನೋಡಿದ್ದಾರೆ. ಒಬ್ಬನೇ ಬಂದಿದ್ದನಂತೆ. ಕೈಯಲ್ಲಿ ಹಲಗೆ, ಕಾಗದ. ಉಳಿದ ಮನೆಗಳ ಎದುರು ನಿಂತು, "ಇದು ಯಾರದ್ದು, ಎಷ್ಟು ಸಮಯ ಆಯ್ತು ಹೋಗಿ" ಎಂದೆಲ್ಲ ತುಳುವಿನಲ್ಲಿ ಕೇಳಿದನಂತೆ. ನಮ್ಮ ಗೇಟಿನ ಎದುರು ಹತ್ತು ನಿಮಿಷ ನಿಂತ. ಯಾರದ್ದೆಂದು ಕೇಳಲಿಲ್ಲ.

"ಹೇಳುವಾ ಅಂತ ನಾನೇ ಹತ್ತಿರ ಹೋದೆ. ಗೊತ್ತುಂಟು ಅಂತ ತಲೆ ಆಡಿಸಿ ಹೋದ" ಎಂದರು ಬಾಗಿಯಕ್ಕ.

ಹಾಳೆ ಸಿಕ್ಕಿತೇ?

ಉರ್ಸುಲಾ

* * *

ಮಂಗಳೂರು
10 ಜುಲೈ 2024

ಉರ್ಸುಲಾ ಅವರಿಗೆ,

ಹಾಳೆ ಸಿಕ್ಕಿತ್ತು. ನಿಮ್ಮ ಪತ್ರ ಬಂದ ದಿನವೇ ಸಿಕ್ಕಿತ್ತು. ಹದಿನೈದು ದಿನ ಅದನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೆ.

ಅದು ನನ್ನ ಬರಹ. ಆ ವಾರ್ಡಿಗೆ ನೇಮಿಸಿದ್ದವರು ರಜೆ ಹಾಕಿದ್ದರು. ಬೇರೆಯವರನ್ನು ಕಳಿಸಬಹುದಿತ್ತು, ನಾನೇ ಹೋದೆ. ನಿಮ್ಮ ಮನೆಯ ಎದುರಿನ ಕಲಂನಲ್ಲಿ ನಾನು ಬರೆದದ್ದು 'ಬೀಗ' ಎಂದು. ಅಲ್ಲಿಯವರೆಗೆ ತಪ್ಪಿಲ್ಲ. ಷರಾ ಎಂಬ ಕೊನೆಯ ಅಂಕಣ ಖಾಲಿ ಇದೆ.

ತಪ್ಪು ಆಮೇಲಿನದು. ನಮ್ಮ ನಮೂನೆಯಲ್ಲಿ ಹನ್ನೊಂದು ಕಲಂಗಳಿದ್ದವು. ಮೇಲಿನಿಂದ ಬಂದದ್ದು ಒಂಬತ್ತೇ. ಉಳಿದ ಎರಡನ್ನು ಸೇರಿಸಿದವನು ನಾನು, ಅದರಲ್ಲೊಂದು 'ಬೀಗ ಹಾಕಿದ ಮನೆ'. ಬೇರೆ ಊರಿನ ಅಧಿಕಾರಿಗೆ ಅದು ಹೊಳೆಯುತ್ತಿರಲಿಲ್ಲ. ನಮ್ಮಲ್ಲಿ ಕೆಲವು ಓಣಿಗಳಲ್ಲಿ ಅರ್ಧಕ್ಕರ್ಧ ಮನೆ ಹಾಗಿರುತ್ತವೆ. ಅವನ್ನು ಬೇರೆಯಾಗಿ ಎಣಿಸದಿದ್ದರೆ ಈ ನಗರ ಅರ್ಥವಾಗುವುದಿಲ್ಲ ಎಂದು ಸಭೆಯಲ್ಲಿ ವಾದಿಸಿದ್ದೆ. ನನಗೆ ಅದರ ಹೆಮ್ಮೆಯೂ ಇತ್ತು. ಆದರೆ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕುವ ವಾರ, ಕೋಷ್ಟಕ ಒಂಬತ್ತಕ್ಕಿಂತ ಹೆಚ್ಚು ಒಪ್ಪುವುದಿಲ್ಲ, ಎರಡನ್ನು ಎಲ್ಲಿಗಾದರೂ ಸೇರಿಸಿ ಎಂದರು. ಸಂಜೆಯೊಳಗೆ ಹೇಳಬೇಕಿತ್ತು. ಕಟ್ಟುತ್ತಿರುವ ಮನೆಗಳನ್ನು ವಾಸಕ್ಕೆ ಸೇರಿಸಿದೆ. ಬೀಗ ಹಾಕಿದ ಮನೆಗಳನ್ನು ಬಳಕೆಯಲ್ಲಿಲ್ಲದ ಜಾಗಕ್ಕೆ. ಒಂದು ಗೆರೆ ಎಳೆದೆ, ಬಾಣದ ಗುರುತು ಹಾಕಿದೆ. ಆಮೇಲೆ ಮನೆಗೆ ಹೋದೆ.

ಚದುರಿದ ಮನೆಗಳಾದರೆ ಯಾರಾದರೂ ಗಮನಿಸುತ್ತಿದ್ದರು. ನಿಮ್ಮ ಓಣಿಯಲ್ಲಿ ಒಂಬತ್ತು ಒಟ್ಟಿಗೆ ಇದ್ದುದರಿಂದ ನಕ್ಷೆಯಲ್ಲಿ ಒಂದೇ ಬಯಲಾಗಿ ಕಂಡಿತು. ಉಳಿದ ಎರಡು ಅಂಚಿನ ತುಣುಕುಗಳೆಂದು ಜೊತೆಗೆ ಸೇರಿದವು. ಹಲಸಿನ ಮರಗಳ ಕೆಳಗಿನ ಹೆಂಚು ಉಪಗ್ರಹಕ್ಕೂ ಕಾಣಲಿಲ್ಲ.

ಈಗ ತಿದ್ದುವುದು ಸುಲಭವಲ್ಲ. ಕಟ್ಟಡದ ಟಿಪ್ಪಣಿ ಸಭೆಯಲ್ಲಿ ಮಂಜೂರಾಗಿದೆ. ನಮ್ಮ ಆರ್ಕಿಟೆಕ್ಟ್ ಪ್ರಣೀತಾ ಎಂಟು ತಿಂಗಳು ಕೂತು ವಿನ್ಯಾಸ ಮುಗಿಸಿದ್ದಾಳೆ, ಒಳ್ಳೆಯ ಕೆಲಸ. ನಾನು ಕಡತದಲ್ಲಿ ಟಿಪ್ಪಣಿ ಬರೆದರೆ ಮೇಲಿನವರು 'ನೋಡಿದೆ' ಎಂದು ಸಹಿ ಹಾಕಿ ಕೆಳಗಿಡುತ್ತಾರೆ. ಒಳಗಿನ ಟಿಪ್ಪಣಿಗೆ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲ; ಹೊರಗಿನಿಂದ ಬಂದ ಲಿಖಿತ ಆಕ್ಷೇಪಣೆಗೆ ಮಾತ್ರ ಉಂಟು. ಆದ್ದರಿಂದ ನಿಮ್ಮ ಆಕ್ಷೇಪಣೆ ಗಟ್ಟಿಯಾಗಿರಬೇಕು. 2019ರ ಕರೆಂಟ್ ಬಿಲ್, ನೀರಿನ ಬಿಲ್ ಇದ್ದರೆ ಲಗತ್ತಿಸಿ. ಆ ವರ್ಷ ಮನೆ ಬಳಕೆಯಲ್ಲಿತ್ತು ಎಂದು ಅವು ತೋರಿಸಿದರೆ ಸಾಕು. ಸರ್ವೆಯವನ ವಿಷಯ ಬರುವ ಅಗತ್ಯವೇ ಬೀಳುವುದಿಲ್ಲ.

ಲತೇಶ್

* * *

ಶಕ್ತಿನಗರ
13 ಜುಲೈ 2024

ಲತೇಶ್ ಅವರಿಗೆ,

ಬಿಲ್ಲುಗಳು ನನ್ನ ಬಳಿ ಇವೆ. ಹನ್ನೊಂದು ತಿಂಗಳು ಕನಿಷ್ಠ ದರ, ಮೇ ತಿಂಗಳಲ್ಲಿ ಮಾತ್ರ ಸ್ವಲ್ಪ ಏರಿದೆ. ಆಗ ನಾನು ರಜೆಗೆ ಬಂದಿದ್ದೆ. ನಿಮ್ಮ ಕಚೇರಿಗೆ ಅವನ್ನು ಕೊಟ್ಟರೆ ನಿಮ್ಮ ನಕ್ಷೆ ಹೇಳಿದ್ದೇ ಸರಿ ಎಂದಾಗುತ್ತದೆ. ನಿಮಗೂ ಅದು ಗೊತ್ತಿತ್ತು ಎಂದು ನನಗನಿಸಿತು.

ಬಳಕೆ ಎಂದರೆ ಏನೆಂದು ಎರಡು ದಿನ ಯೋಚಿಸಿದೆ. ಕುವೈತಿನಲ್ಲಿ ಹಾಸ್ಟೆಲ್ಲಿನಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಆ ನಲವತ್ತು ನಿಮಿಷ ನಾನು ಈ ಮನೆಯಲ್ಲಿ ಓಡಾಡುತ್ತಿದ್ದೆ. ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆಯುತ್ತಿದ್ದೆ, ಬಿಸಿಲು ಹೆಚ್ಚು ಎಂದು ಮತ್ತೆ ಹಿಂದೆ ತಳ್ಳುತ್ತಿದ್ದೆ. ನಿಮ್ಮ ಹನ್ನೊಂದು ಕಲಂ ಇದ್ದಾಗಲೂ ಅದಕ್ಕೆ ಜಾಗ ಇರಲಿಕ್ಕಿಲ್ಲ. ಆದರೂ 'ಬೀಗ' ಎಂದು ಒಂದು ಕಲಂ ಮಾಡಿಸಿದಿರಲ್ಲ, ಅದಕ್ಕೆ ನಿಮ್ಮ ಮೇಲೆ ಸಿಟ್ಟು ಬರುತ್ತಿಲ್ಲ. ಬಂದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ನನಗೆ ಕಷ್ಟವಾದದ್ದು ನಿಮ್ಮ ಕೊನೆಯ ವಾಕ್ಯ. ಸರ್ವೆಯವನ ವಿಷಯ ಬರುವ ಅಗತ್ಯ ಬೀಳುವುದಿಲ್ಲ ಎಂಬುದು.

1996ರಲ್ಲಿ ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನಲ್ಲಿ ಒಂದು ನೋಟಿಸು ಮೂವತ್ತು ದಿನ ತೂಗಿತ್ತು. ಒಬ್ಬಳು ಲೋಬೊ, ಒಬ್ಬ ದುಗ್ಗಪ್ಪನವರ ಮಗ, ಇಬ್ಬರ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಬರೆದು ತಿಳಿಸಿ ಎಂದು. ನನ್ನ ತಾಯಿ ಮೂರು ದಿನ ಊಟ ಬಿಟ್ಟರು, ಆದರೆ ಬರೆದು ಕೊಡಲಿಲ್ಲ. ನಿಮ್ಮ ಮಾವಂದಿರು ಬಂದು ನೋಟಿಸು ಓದಿ ಹೋದರು, ಅವರೂ ಬರೆಯಲಿಲ್ಲ. ಮೂವತ್ತೊಂದನೇ ದಿನ ಸಾಕ್ಷಿಗೆ ಫಿಲಿಪ್‌ನನ್ನು ಕರೆದುಕೊಂಡು ಹತ್ತು ಗಂಟೆಗೆ ಹೋದೆ. ಒಂದೂವರೆಗೆ ಗುಮಾಸ್ತ ಊಟಕ್ಕೆ ಎದ್ದ. "ನಾಳೆ ಬೇಕಾದ್ರೂ ಬರ್ಬಹುದಮ್ಮ, ಮೂರು ತಿಂಗಳು ಟೈಮ್ ಉಂಟು" ಎಂದ. ಒಳ್ಳೆಯ ಮನುಷ್ಯ. ಲಿಖಿತವಾಗಿ ಯಾರ ಆಕ್ಷೇಪಣೆಯೂ ಇರಲಿಲ್ಲ. ನೀವು ಬರಲಿಲ್ಲ, ಅಷ್ಟೇ.

ಇದನ್ನು ಜಗಳಕ್ಕೆಂದು ಬರೆಯಲಿಲ್ಲ. ಮುಂದಿನ ವರ್ಷ ಕುವೈತಿಗೆ ಹೋದೆ, ಮನೆ ಕಟ್ಟಿಸಿದೆ, ನನ್ನ ಬದುಕು ಬರಿಗೈಯದೇನೂ ಆಗಲಿಲ್ಲ. ಕಾರಣ ಒಂದನ್ನು ಯಾರಾದರೂ ತನ್ನ ಹೆಸರಿನಲ್ಲಿ ಬರೆದುಕೊಟ್ಟಿದ್ದರೆ ಓದಿ ಮಡಚಿಡಬಹುದಿತ್ತು ಎಂದು ಮಾತ್ರ ಅನಿಸುತ್ತಿತ್ತು.

ಆಕ್ಷೇಪಣೆಯನ್ನು ನಾಡಿದ್ದು ಸೋಮವಾರ ಕೊಡುತ್ತೇನೆ. ಬಿಲ್ಲು ಇಡುವುದಿಲ್ಲ. ಫಿಲಿಪ್‌ನ ವೈದ್ಯಕೀಯ ಪತ್ರ ಇಡುತ್ತೇನೆ. ಅದು ಸಾಲದು ಎಂದು ನನಗೆ ಗೊತ್ತು.

ಉರ್ಸುಲಾ

* * *

ಪ್ರತಿ: ಶ್ರೀಮತಿ ಉರ್ಸುಲಾ ಲೋಬೊ, ಮಾಹಿತಿಗಾಗಿ
ಆವಕ ಸಂಖ್ಯೆ 412
ಮಂಗಳೂರು, 19 ಜುಲೈ 2024

ಗೆ,
ಅಧ್ಯಕ್ಷರು, ಆಕ್ಷೇಪಣಾ ವಿಚಾರಣಾ ಸಮಿತಿ

ಮಾನ್ಯರೆ,

ವಿಷಯ: ಶಕ್ತಿನಗರದ ವಲಯ ಕಚೇರಿಗೆ ಮೀಸಲಿಟ್ಟ ಜಾಗದ ಬಗ್ಗೆ ಆಕ್ಷೇಪಣೆ.

ಈ ಆಕ್ಷೇಪಣೆಯನ್ನು ನಗರದ ನಿವಾಸಿಯಾಗಿ ಸಲ್ಲಿಸುತ್ತಿದ್ದೇನೆ. ನಾನು ಇದೇ ಕಚೇರಿಯ ಸಹಾಯಕ ನಿರ್ದೇಶಕ. ಹಾಗಿರುವವನು ಆಕ್ಷೇಪಣೆ ಕೊಡಬಾರದೆಂಬ ನಿಯಮವನ್ನು ಹುಡುಕಿದೆ, ಸಿಗಲಿಲ್ಲ.

ಸದರಿ ಓಣಿಯ ಸರ್ವೆಯನ್ನು 2019ರ ಫೆಬ್ರವರಿ 21ರಂದು ನಾನೇ ಮಾಡಿದ್ದೇನೆ. ಅಲ್ಲಿ ಬಯಲು ಇಲ್ಲ. ಹನ್ನೊಂದು ಮನೆಗಳಿವೆ. ಒಂಬತ್ತಕ್ಕೆ ಆ ದಿನ ಬೀಗವಿತ್ತು. ಬೀಗ ಹಾಕಿದ ಮನೆಗಳನ್ನು ಬಳಕೆಯಲ್ಲಿಲ್ಲದ ಜಾಗಕ್ಕೆ ಸೇರಿಸಿದವನೂ ನಾನೇ. ಅದಕ್ಕೆ ಯಾರ ಲಿಖಿತ ಆದೇಶವೂ ಇರಲಿಲ್ಲ. ಸಂಜೆಯೊಳಗೆ ಹೇಳಬೇಕಿತ್ತು, ಹೇಳಿದೆ. ಮೂಲ ಹಾಳೆಯ ನಕಲನ್ನು ಲಗತ್ತಿಸಿದೆ.

ಮನೆಗಳ ಪೈಕಿ ಮೇಲಿನಿಂದ ಮೂರನೆಯದು ಶ್ರೀಮತಿ ಉರ್ಸುಲಾ ಲೋಬೊ ಅವರದು. ಅದು ಯಾರದೆಂದು ನನಗೆ ಆಗಲೇ ತಿಳಿದಿತ್ತು. ಮಾಲಕರು ಹೊರದೇಶದಲ್ಲಿ ದುಡಿಯುತ್ತಿದ್ದಾರೆ, ಮರಳುತ್ತಾರೆ ಎಂದೂ ತಿಳಿದಿತ್ತು. ಷರಾ ಅಂಕಣದಲ್ಲಿ ಅದನ್ನು ಬರೆಯಬೇಕಿತ್ತು. ಬರೆಯಲಿಲ್ಲ. ಆ ಹೆಸರನ್ನು ಬರೆಯುವುದು ನನಗೆ ಕಷ್ಟವಾಗಿತ್ತು. ಇದು ಆಡಳಿತಾತ್ಮಕ ಕಾರಣವಲ್ಲ, ಆದರೂ ಕಾರಣ ಅದೇ.

ವಲಯ ಕಚೇರಿ ಆ ಭಾಗಕ್ಕೆ ಬೇಕು. ಆಕ್ಷೇಪಣೆ ಕಟ್ಟಡಕ್ಕಲ್ಲ, ನನ್ನ ನಮೂದಿಗೆ. ವಿಚಾರಣೆಯ ದಿನ ನನ್ನನ್ನು ಕರೆಯಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಲತೇಶ್ ದುಗ್ಗಪ್ಪ

* * *

ಶಕ್ತಿನಗರ
1 ಸೆಪ್ಟೆಂಬರ್ 2024

ಲತೇಶ್ ಅವರಿಗೆ,

ಗುರುವಾರ ವಿಚಾರಣೆಯಲ್ಲಿ ನೀವು ಹೇಳುವುದನ್ನು ಹೇಳಿದ ಮೇಲೆ ನಿಮ್ಮನ್ನು ಹೊರಗೆ ಕಳಿಸಿದರು. ಆಮೇಲೆ ನಡೆದದ್ದನ್ನು ನಿಮಗೆ ತಿಳಿಸುವವರು ಯಾರೂ ಇರಲಿಕ್ಕಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಧ್ಯಕ್ಷರು ನನ್ನನ್ನು ಕೇಳಿದರು, "ಈ ಅಧಿಕಾರಿ ನಿಮಗೆ ಪರಿಚಯವಾ?"

"ಹೌದು."

"ಎಂತ ಪರಿಚಯ?"

ಸಭೆಯಲ್ಲಿ ನಲವತ್ತು ಜನ ಇದ್ದರು. "ಒಮ್ಮೆ ಒಂದು ನೋಟಿಸಿನಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇತ್ತು" ಎಂದೆ. ಅವರಿಗೆ ಏನು ತಿಳಿಯಿತೋ, ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ಕೇಳಲಿಲ್ಲ.

ಪಿಯುಸ್‌ನ ವಕೀಲರು ಎದ್ದು, ಒಬ್ಬರ ಬಚ್ಚಲುಮನೆಗಾಗಿ ಇಡೀ ವಾರ್ಡಿನ ಕಚೇರಿ ನಿಲ್ಲಬೇಕೇ ಎಂದರು. ಕೇಳುವಾಗ ನನಗೇ ಅದು ಸರಿ ಅನಿಸಿತು. ಅಷ್ಟರಲ್ಲಿ ಬಾಗಿಯಕ್ಕ ಎದ್ದು ನಿಂತರು. ಕರೆದಿರಲಿಲ್ಲ.

"ನನಿಗೆ ಆಫೀಸು ಬೇಕು. ಪೆನ್ಶನ್‌ಗೆ ಹೋಗಿ ಬಂದ್ರೆ ಎರಡು ದಿನ ಸೊಂಟ ಎತ್ಲಿಕ್ಕಾಗುದಿಲ್ಲ. ಇವಳ ಮನೆಯೂ ಬೇಕು. ಎರಡೂ ಬೇಕು ಅಂದ್ರೆ ನಿಮ್ಮಿಂದ ಆಗುದಿಲ್ವಾ? ನೀವು ಕಲಿತವರಲ್ವಾ?"

"ಅಜ್ಜಿ, ಕೂತ್ಕೊಳ್ಳಿ."

"ಕೂತ್ರೆ ಏಳ್ಲಿಕ್ಕೆ ಕಷ್ಟ. ಹೇಳಿಯೇ ಕೂತ್ಕೊಳ್ತೇನೆ."

ಎಲ್ಲರೂ ನಕ್ಕರು. ಫಿಲಿಪ್ ಈ ಯಾವುದನ್ನೂ ನೋಡಲಿಲ್ಲ. ವಿಚಾರಣೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಅವನು ಕೆಳಗೆ ಮೆಟ್ಟಿಲ ಬುಡದಲ್ಲೇ ಕೂತಿದ್ದ. ಅವನ ಹೆಸರು ಕರೆದಾಗ, ಬರಲಾಗಲಿಲ್ಲ, ಕೆಳಗಿದ್ದಾನೆ ಎಂದೆ. ಆಗ ನಿಮ್ಮ ಪ್ರಣೀತಾ ಕಡತ ಎತ್ತಿಕೊಂಡು, "ನಾನು ಹೋಗಿ ಬರೆದುಕೊಂಡು ಬರ್ತೇನೆ ಸರ್" ಎಂದು ಇಳಿದು ಹೋದಳು. ಇಪ್ಪತ್ತು ನಿಮಿಷ ಬರಲಿಲ್ಲ.

ಕೆಳಗೆ ನಡೆದದ್ದನ್ನು ಫಿಲಿಪ್ ಈಗ ದಿನಕ್ಕೆರಡು ಸಲ ಹೇಳುತ್ತಾನೆ. ಅವಳು ಮೆಟ್ಟಿಲ ಮೇಲೆ ಕೂತು ಹೇಳಿಕೆ ಕೇಳಿದಳಂತೆ. ಇವನು ತಿರುಗಿ ಅವಳನ್ನೇ ಕೇಳಿದ.

"ನೀವು ಮಾಡಿದ ಹೊಸ ಕಟ್ಟಡದಲ್ಲಿ ಗಾಲಿಕುರ್ಚಿಗೆ ಇಳಿಜಾರು ಎಷ್ಟು?"

"ಒಂದಕ್ಕೆ ಹನ್ನೆರಡು ಸರ್."

"ಸರಿ ಉಂಟು. ಎಷ್ಟು ಅಂತಸ್ತು?"

"ಎರಡು. ಜಾಗ ತುಂಬಾ ಉಂಟಲ್ಲ, ಹರಡಿ ಮಾಡಿದ್ದು."

"ನಾಲ್ಕು ಮಾಡಿದ್ರೆ ಜಾಗ ಎಷ್ಟು ಬೇಕು?"

ಅವಳು ಲೆಕ್ಕ ಹಾಕಿದಳು. ಇವನು ಅವಳ ಹಾಳೆಯನ್ನು ತಿರುಗಿಸಿ, ಪಾರ್ಕಿಂಗ್ ಬಿಟ್ಟಿದ್ದೀರಿ ಎಂದ. ಮತ್ತೆ ಹಾಕಿದಳು. ಮೇಲೆ ಬಂದಾಗ ಅವಳ ಕೈಯಲ್ಲಿ ಹೇಳಿಕೆಯ ಬದಲು ಒಂದು ಚಿತ್ರವಿತ್ತು. ಕೆಳಗಿನ ನಾಲ್ಕು ಮನೆಗಳ ಜಾಗ ಸಾಕು, ಆ ನಾಲ್ವರೂ ಕೊಡಲು ಒಪ್ಪಿದವರೇ, ಆದರೆ ನಕ್ಷೆ ಮೊದಲಿನಿಂದ ಮಾಡಬೇಕು, ಒಂದು ವರ್ಷ ತಡವಾಗುತ್ತದೆ ಎಂದಳು. ಎಂಟು ತಿಂಗಳ ಕೆಲಸವನ್ನು ಬಿಡುವ ಮಾತು. ಅವಳ ಕಿವಿ ಕೆಂಪಾಗಿತ್ತು.

ತೀರ್ಪು ಕಾದಿರಿಸಿದ್ದಾರೆ. ನಿಮಗೆ ಕಾರಣ ಕೇಳಿ ನೋಟಿಸು ಬಂದಿದೆ ಎಂದು ಕೌಂಟರಿನವರು ಹೇಳಿದರು. ಮರಿಯಮ್ಮನ ಮೊಂತಿ ಹಬ್ಬದ ಒಂಬತ್ತು ದಿನ ಶುರುವಾಗಿದೆ. ಮಕ್ಕಳು ಹೂವಿಗೆ ನಮ್ಮ ಅಂಗಳಕ್ಕೂ ಬರುತ್ತಾರೆ. ಹೊರಗಿನ ಗದ್ದಲ ಫಿಲಿಪ್‌ಗೆ ಇಷ್ಟ.

ನಿಮ್ಮ 412ನೇ ಸಂಖ್ಯೆಯ ಪತ್ರವನ್ನು ಓದಿದ್ದೇನೆ. ಅದರ ಬಗ್ಗೆ ಈಗ ಬರೆಯುವುದಿಲ್ಲ.

ಉರ್ಸುಲಾ

* * *

ಯಾದಗಿರಿ
5 ಡಿಸೆಂಬರ್ 2024

ಉರ್ಸುಲಾ ಅವರಿಗೆ,

ಆದೇಶದ ಪ್ರತಿ ನಿಮಗೆ ತಲುಪಿರಬೇಕು. ಮೇಲಿನ ಏಳು ಮನೆ ಹಳದಿ, ಕೆಳಗಿನ ನಾಲ್ಕು ಕೆಂಪು. ನಿಮ್ಮ ಪರವಾನಗಿಗೆ ಇನ್ನು ಅಡ್ಡಿಯಿಲ್ಲ. ಕಟ್ಟಡ ಒಂದು ವರ್ಷ ಹಿಂದಕ್ಕೆ ಹೋಯಿತು, ಬಾಗಿಯಕ್ಕನಿಗೆ ಅದಕ್ಕಾಗಿ ನನ್ನ ಕ್ಷಮೆ ತಿಳಿಸಿ. ನನ್ನನ್ನು ಆಡಳಿತಾತ್ಮಕ ಕಾರಣದಿಂದ ಇಲ್ಲಿಗೆ ವರ್ಗಾಯಿಸಿದ್ದಾರೆ. ಒಂದು ವೇತನ ಬಡ್ತಿ ತಡೆಹಿಡಿದಿದ್ದಾರೆ. ಕಡಿಮೆಯೇ ಆಯಿತು.

ಇಲ್ಲಿಯ ಬಿಸಿಲು ಬೇರೆ ರೀತಿಯದು. ನಮ್ಮಲ್ಲಿ ಬೆವರುತ್ತದೆ, ಇಲ್ಲಿ ಒಣಗುತ್ತದೆ.

ನೀವು ಕೇಳಿದ ಕಾರಣವನ್ನು ಬರೆಯುತ್ತೇನೆ. ಅಪ್ಪ ತಡೆದರು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಮದುವೆಯಾದ ಮೇಲೆ ಹೆಂಡತಿಗೂ ಹಾಗೆಯೇ ಹೇಳಿದ್ದೆ. ಅಪ್ಪ ತಡೆಯಲಿಲ್ಲ. ಮಾವಂದಿರು ಕೂಗಾಡಿದರು, ಅಪ್ಪ ಒಂದು ಮಾತೂ ಆಡಲಿಲ್ಲ. ಆ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಒಂದು ಹೊಸ ಅಂಗಿ ಕುರ್ಚಿಯ ಮೇಲಿತ್ತು. ಅಪ್ಪ ತೋಟಕ್ಕೆ ಹೋಗಿದ್ದರು. ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ. ರಿಜಿಸ್ಟ್ರಾರ್ ಕಚೇರಿಯ ಎದುರಿನ ಹೋಟೆಲಿನಲ್ಲಿ ಕೂತೆ. ನೀವಿಬ್ಬರೂ ಬೆಂಚಿನಲ್ಲಿ ಕೂತಿರುವುದು ಕಾಣುತ್ತಿತ್ತು. ಫಿಲಿಪ್ ಮಾಸ್ಟರರು ನಿಮಗೆ ಏನೋ ಹೇಳಿ ನಗಿಸಿದರು. ಯಾರೂ ನನ್ನನ್ನು ಹಿಡಿದಿಟ್ಟಿರಲಿಲ್ಲ. ರಸ್ತೆ ದಾಟಿದರೆ ಆಗುತ್ತಿತ್ತು. ಮುಂದಿನ ಬಸ್ಸು ಹೋದ ಮೇಲೆ ಎಂದು ಪ್ರತಿ ಬಸ್ಸಿಗೂ ಅಂದುಕೊಂಡೆ. ಗುಮಾಸ್ತ ಊಟಕ್ಕೆ ಹೊರಡುವುದನ್ನೂ ನೋಡಿದೆ.

ಇದರಲ್ಲಿ ಕಾರಣ ಎನ್ನುವಂಥದ್ದು ಏನೂ ಇಲ್ಲ ಎಂದು ಬರೆಯುವಾಗ ತಿಳಿಯುತ್ತಿದೆ. ಆದರೂ ನನ್ನ ಹೆಸರಿನಲ್ಲಿ ಬರೆದುಕೊಟ್ಟಿದ್ದೇನೆ.

ಹೊರಡುವ ಮೊದಲು ಹೆಂಡತಿಗೂ ಎಲ್ಲ ಹೇಳಿದೆ. "ಮೊದಲೇ ಹೇಳ್ಬಹುದಿತ್ತು" ಎಂದಳು. ಆಮೇಲೆ, "ಅವರಿಗೆ ಹೇಳಿದ್ರಾ?" ಎಂದು ಕೇಳಿದಳು.

ಲತೇಶ್

* * *

ಶಕ್ತಿನಗರ
27 ಏಪ್ರಿಲ್ 2025

ಲತೇಶ್ ಅವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನಾಲ್ಕೂವರೆ ತಿಂಗಳು ಬೇಕಾಯಿತು. ಅದನ್ನು ಓದಿ ಮಡಚಿಟ್ಟಿದ್ದೇನೆ. ಇಷ್ಟು ಹೇಳಿದರೆ ನಿಮಗೆ ತಿಳಿಯುತ್ತದೆ.

ಪ್ರಣೀತಾ ಎರಡು ಸಲ ಬಂದಿದ್ದಳು. ಕೆಳಗಿನ ಜಾಗದ ಅಳತೆಗೆ ಎಂದಳು, ಕೂತದ್ದು ಫಿಲಿಪ್‌ನ ಪಕ್ಕ. ಬಾಗಿಯಕ್ಕನನ್ನು ತಿಂಗಳಿಗೊಮ್ಮೆ ನಾನು ಹಳೆಯ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ. ಹೊಸದು ತೆರೆಯುವವರೆಗೆ ಅದು ನನ್ನ ಕೆಲಸ ಎಂದು ಒಪ್ಪಿಕೊಂಡಿದ್ದೇನೆ. ನಂತೂರಿನಲ್ಲಿ ಬಸ್ಸು ನಿಂತಾಗಲೆಲ್ಲ ಅವರು, "ಇದೆಲ್ಲ ನಿನ್ನಿಂದ" ಎನ್ನುತ್ತಾರೆ, ಕಡಲೆ ಕೊಡುತ್ತಾರೆ.

ಕೋಣೆ ಮುಗಿಯಿತು. ಬಚ್ಚಲಿಗೆ ಹೊಸ್ತಿಲಿಲ್ಲ, ಎರಡೂ ಗೋಡೆಗೆ ಕಂಬಿ, ನಡುವೆ ಒಂದು ಸ್ಟೂಲು. ನಿನ್ನೆ ಬೆಳಿಗ್ಗೆ ಫಿಲಿಪ್ ಟವೆಲು ಹೆಗಲಿಗೆ ಹಾಕಿ, ಬಲಗೈ ಬಲಗಾಲಿನಿಂದ ಕುರ್ಚಿ ತಳ್ಳಿಕೊಂಡು ಒಳಗೆ ಹೋದ. ನಾನು ಹಿಂದೆ ಹೋದೆ.

"ಎಂತ?"

"ಹಿಡ್ಕೊಳ್ಳಿಕ್ಕೆ."

"ಬೇಡ. ಹೋಗು."

ಬಾಗಿಲು ಹಾಕಿಕೊಂಡ. ನಲವತ್ತೈದು ನಿಮಿಷ ಹಿಡಿಯಿತು. ಇಪ್ಪತ್ತನಾಲ್ಕು ವರ್ಷ ಬೇರೆಯವರ ಮೈ ತೊಳೆದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹೊರಗೆ ನಿಂತಿದ್ದೆ. ಒಮ್ಮೆ ಚೆಂಬು ಬಿದ್ದ ಶಬ್ದ. ಒಮ್ಮೆ ತುಂಬ ಹೊತ್ತು ಯಾವ ಶಬ್ದವೂ ಇಲ್ಲ. ಬಾಗಿಲು ತಟ್ಟಲು ಕೈ ಎತ್ತಿದ್ದೆ. ಆಗ ಒಳಗಿನಿಂದ ಅವನು ಹಾಡುವುದು ಕೇಳಿತು, ಇಗರ್ಜಿಯ ಯಾವುದೋ ಹಾಡು, ರಾಗ ಪೂರ್ತಿ ತಪ್ಪು. ಅವನಿಗೆ ಹಾಡಲು ಬರುವುದಿಲ್ಲ. ಸ್ನಾನದಲ್ಲಿ ಹಾಡುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

ಹೊರಗೆ ಬಂದಾಗ ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಇಲ್ಲೇ ನಿಂತಿದ್ದದ್ದಾ?"

"ಇಲ್ಲ. ಅಡುಗೆಮನೆಯಲ್ಲಿದ್ದೆ."

"ಹೂಂ" ಎಂದು, ಒದ್ದೆ ಗಾಲಿಗಳ ಎರಡು ಗೆರೆ ಎಳೆದುಕೊಂಡು ಜಗಲಿಗೆ ಹೋದ. ಗುಂಡಿಯ ವಿಷಯ ನಾನು ಹೇಳಲಿಲ್ಲ.

ಉರ್ಸುಲಾ